ಅಡಿಕೆ ಮಂಡಿಯ ರದ್ದಿಯಲ್ಲಿ ಸಿಕ್ಕಿದ ನವೆಂಬರ್ 15

"ಸಾಗರದವನಿಗೆ ಡೆಸ್ಟ್ರಾಯರ್ ಎಂತಕ್ಕೆ ಮಾರಾಯ? ನಿಮ್ಮ ಕಡೆ ಇರೋ ಹಡಗು ಅಂದ್ರೆ ಸಿಗಂದೂರು ಲಾಂಚು. ಅದನ್ನೇ ಒಂದು ಫ್ರೇಮು ಮಾಡು, ಜನ ನೋಡ್ತಾರೆ."

ಅಂಚೆಚೀಟಿ, ಅಂಚೆ ಕವರು ಕೂಡಿಡುವ ಶಿವಮೊಗ್ಗದ ಹಿರಿಯ ಸಂಗ್ರಾಹಕರೊಬ್ಬರು ನನಗೆ ಹೀಗೆ ಹೇಳಿ ಆರು ವರ್ಷ ಆಗಿರಬಹುದು. ಅವರ ಮೇಲೆ ಗೌರವ ಇದೆ, ಹಿಂಜ್ (ಚೀಟಿಯನ್ನು ಹಾಳೆಗೆ ಕೂರಿಸುವ ಅಂಟುಕಾಗದ) ಹಚ್ಚುವುದು ಕಲಿತದ್ದೇ ಅವರ ಹತ್ತಿರ. ಆದರೆ ಆ ಮಾತು ಒಳಗೆ ಕೂತುಬಿಟ್ಟಿತು. ಈಗ ಆ ಲಾಂಚಿನ ಶರಾವತಿ ಹಿನ್ನೀರಿಗೂ ಸೇತುವೆ ಬಂತು, 2025ರ ಜುಲೈ 14ಕ್ಕೆ ಉದ್ಘಾಟನೆಯೂ ಆಯಿತು. ನನ್ನ ಡೆಸ್ಟ್ರಾಯರ್ (ಒಂದು ಬಗೆಯ ಯುದ್ಧನೌಕೆ) ಫ್ರೇಮಿಗೆ ರಾಜ್ಯ ಮಟ್ಟದ ಅಂಚೆಚೀಟಿ ಪ್ರದರ್ಶನದಲ್ಲಿ ದೊಡ್ಡ ಬೆಳ್ಳಿ ಪದಕ ಬಂತು. ಅಂಕ ಎಪ್ಪತ್ತೇಳೋ ಎಪ್ಪತ್ತೆಂಟೋ. ಅದಕ್ಕೇ ಬರೆಯಲು ಕೂತೆ.

ಐಡಿಯಾ ಸರಳ. ಒಂದೇ ಫ್ರೇಮು, ಅಂದರೆ ಪ್ರದರ್ಶನದಲ್ಲಿ ಹಾಳೆ ಜೋಡಿಸಿಡುವ ಚೌಕಟ್ಟು, ಅದರಲ್ಲಿ ಹದಿನಾರು ಹಾಳೆ. ಒಂದು ಯುದ್ಧನೌಕೆಯ ತಾರೀಕು, ವರ್ಷ ಬೇರೆಯಾದರೂ ಅದೇ ತಾರೀಕಿಗೆ ಮೊದಲ ಸಲ ಬೆಳಗಿದ ದೀಪಸ್ತಂಭ. ಎರಡಕ್ಕೂ ಆ ದಿನದ್ದೇ ಠಸ್ಸೆ ಇರುವ ಕವರು. ಹೇಳೋದಕ್ಕೆ ಎರಡು ಸಾಲು, ಮಾಡೋದಕ್ಕೆ ಆರು ವರ್ಷ.

ಮೊದಲು ಕೈ ಹಾಕಿದ್ದು ಐಎನ್‌ಎಸ್ ಮೈಸೂರಿಗೆ. ಕನ್ನಡದವನಾಗಿ ಅದನ್ನು ಬಿಟ್ಟು ಬೇರೆ ಹಡಗು ಹಿಡಿಯುವುದು ಹೇಗೆ? ಅದರ ಲಾಂಛನದಲ್ಲಿ ಗಂಡಭೇರುಂಡ ಇದೆ. ಗಂಡಭೇರುಂಡ ನೋಡಲು ನಾನು ಮುಂಬೈಗೆ ಹೋಗಬೇಕಾಗಿಲ್ಲ. ಕೆಳದಿ ರಾಮೇಶ್ವರ ದೇವಸ್ಥಾನದ ಮಾಡಿನಲ್ಲಿ ಕತ್ತೆತ್ತಿದರೆ ಸಾಕು. ಇನ್ನೂ ಹಳೆಯದು ಬೇಕೆಂದರೆ ಬಳ್ಳಿಗಾವಿಯಲ್ಲಿ 1047ರಲ್ಲಿ ನಿಲ್ಲಿಸಿದ ಭೇರುಂಡೇಶ್ವರ ಕಂಬವೇ ಇದೆ. ಫ್ರೇಮಿನ ಮೊದಲ ಹಾಳೆಗೆ ಇದಕ್ಕಿಂತ ಏನು ಬೇಕು ಅಂದುಕೊಂಡೆ. ಹಡಗು ಸೇವೆಗೆ ಸೇರಿದ್ದು 1999ರ ಜೂನ್ 2. ಆ ತಾರೀಕಿಗೆ ದೀಪ ಹುಡುಕಿ ಹುಡುಕಿ ಎರಡು ಮಳೆಗಾಲ ಕಳೆದವು. ಒಂದೂ ಕೈಗೆ ಹತ್ತಲಿಲ್ಲ. ಕಾಪುವಿನ ದೀಪಸ್ತಂಭ 1901ರದು, ಅದನ್ನು ಹೇಗಾದರೂ ಎಳೆದು ತರೋಣ ಅಂತ ಹುಲಿಕಲ್ ಘಾಟಿ ಇಳಿದು ಬಸ್ಸಿನಲ್ಲಿ ಕಾಪುವಿಗೆ ಹೋಗಿ ಜೂನ್ 2ರ ಠಸ್ಸೆ ಹಾಕಿಸಿಕೊಂಡು ಬಂದೆ. ಬರುವಾಗ ಬಾಳೆಬರೆ ತಿರುವಿನಲ್ಲಿ ಮಳೆ ಹಿಡಿಯಿತು. ಬಸ್ಸಿನ ಕಿಟಕಿ ಮುಚ್ಚುವುದಿಲ್ಲ, ಕವರು ಎದೆಯ ಮೇಲೆ. ಮನೆಗೆ ಬಂದು ನೋಡಿದರೆ ಠಸ್ಸೆಯ ಶಾಯಿ ಅಂಗಿಗೆ ಹತ್ತಿತ್ತು. ಅಂಗಿ ಇನ್ನೂ ಇದೆ, ತೋಟಕ್ಕೆ ಹಾಕ್ತೇನೆ.

ಹಿರಿಯರಿಗೆ ತೋರಿಸಿದೆ. ಅಂಗಿಯನ್ನಲ್ಲ, ಕವರನ್ನು. ಅವರು ಕನ್ನಡಕ ತೆಗೆದು ಹೇಳಿದ್ದು ಇಷ್ಟೇ: "ನೀನೇ ಹೋಗಿ, ನೀನೇ ಹಾಕಿಸಿ, ನೀನೇ ತಂದಿದ್ದಿ. ಇದು ಟಪಾಲೋ, ನೆನಪಿಗೆ ಹಾಕಿಸಿಕೊಂಡ ಹಚ್ಚೆಯೋ?"

ಮಾತು ಕಹಿ, ಆದರೆ ಸರಿ. ಜ್ಯೂರಿಯವರೂ ಅದನ್ನೇ ಕೇಳುತ್ತಾರೆ. ಅಂಚೆಯಲ್ಲಿ ನಿಜವಾಗಿ ಪ್ರಯಾಣ ಮಾಡಿದ ಕಾಗದಕ್ಕೆ ಇರುವ ಬೆಲೆ ಶೋಕಿಗೆ ಮಾಡಿಸಿದ್ದಕ್ಕೆ ಇಲ್ಲ. ನಮ್ಮಲ್ಲಿ ಅರ್ಧ ಜನರ ಫ್ರೇಮು ಸೊರಗುವುದು ಇಲ್ಲೇ.

ಎರಡನೇ ಪೆಟ್ಟು ದುಡ್ಡಿನದು. ಮೈಸೂರು ಬಿಟ್ಟು ಐಎನ್‌ಎಸ್ ದೆಹಲಿ ಅನ್ನುವ ಡೆಸ್ಟ್ರಾಯರ್ ಹಿಡಿದೆ. ಆನ್‌ಲೈನಿನಲ್ಲಿ ಒಬ್ಬ ವ್ಯಾಪಾರಿ "ಐಎನ್‌ಎಸ್ ದೆಹಲಿ, ಅಪರೂಪದ ನೌಕಾ ಕವರು" ಅಂತ ಹಾಕಿದ್ದ. ಚಿತ್ರದಲ್ಲಿ ತಾರೀಕು ಕಾಣುವ ಜಾಗಕ್ಕೇ ಸರಿಯಾಗಿ ಬೆಳಕು ಹೊಡೆದಿತ್ತು. ಆಗಲೇ ಸಂಶಯ ಬರಬೇಕಿತ್ತು. ಒಂಬತ್ತು ಸಾವಿರದ ಚಿಲ್ಲರೆ ಕೊಟ್ಟೆ. ಆ ವರ್ಷ ಚಾಲಿ ಅಡಿಕೆಗೆ ದರ ಚೆನ್ನಾಗಿತ್ತು, ತಲೆ ಸ್ವಲ್ಪ ಮೇಲೆ ಇತ್ತು. ಬಂದದ್ದು 1950ರ ದಶಕದ ಕವರು. ಅಂದರೆ ಅದೇ ಹೆಸರಿನ ಹಳೆಯ ಹಡಗು, ಕ್ರೂಸರ್ ಅನ್ನುವ ಬೇರೆ ಬಗೆಯ ಯುದ್ಧನೌಕೆ. ಮೊದಲು ನ್ಯೂಜಿಲೆಂಡಿನವರ ಅಕಿಲೀಸ್ ಆಗಿ 1939ರ ಡಿಸೆಂಬರಿನಲ್ಲಿ ರಿವರ್ ಪ್ಲೇಟ್ ಕಾಳಗದಲ್ಲಿ ಜರ್ಮನರ ಗ್ರಾಫ್ ಸ್ಪೀ ಜೊತೆ ಸೆಣಸಿ, 1948ರಲ್ಲಿ ನಮ್ಮ ಕೈಗೆ ಬಂದು, 1978ರಲ್ಲಿ ನಿವೃತ್ತಿಯಾದ ಹಡಗು. ಒಳ್ಳೆಯ ಹಡಗೇ, ಘನತೆಯ ಹಡಗೇ, ಆದರೆ ನನಗೆ ಬೇಕಾದ ಹಡಗಲ್ಲ. ವಾಪಸ್ ತೆಗೆದುಕೋ ಅಂದರೆ "ಸಾರ್, ಹೆಸರು ದೆಹಲಿ ತಾನೇ?" ಅಂದ. ಮೈಸೂರಿನದೂ ಇದೇ ಕತೆ. ಆ ಹೆಸರಿನ ಕ್ರೂಸರ್ ಒಂದು 1957ರಿಂದ ಇತ್ತು. ಹೊಸಬರು ಇಲ್ಲಿ ಜಾಗ್ರತೆ. ಹೆಸರು ಮರುಹುಟ್ಟು ಪಡೆಯುತ್ತದೆ, ಕವರು ಪಡೆಯುವುದಿಲ್ಲ.

ದುಡ್ಡು ಹೋಯಿತು, ಆದರೆ ಹೊಸ ದೆಹಲಿಯ ತಾರೀಕುಗಳನ್ನು ಸರಿಯಾಗಿ ನೋಡುವ ಹಾಗಾಯಿತು. ಮಡಗಾಂವ್ ಅಲ್ಲ ಮತ್ತೆ, ಮುಂಬೈಯ ಮಜಗಾಂವ್ ಡಾಕಿನಲ್ಲಿ ನೀರಿಗಿಳಿದದ್ದು 1991ರ ಫೆಬ್ರವರಿ 1. ನೌಕಾಪಡೆಗೆ ಸೇರಿದ್ದು 1997ರ ನವೆಂಬರ್ 15. ಈ ಎರಡನ್ನು ಡೈರಿಯಲ್ಲಿ ಬರೆದುಕೊಂಡು, ಎದುರುಗಡೆ ನನ್ನ ದೀಪಸ್ತಂಭದ ಪಟ್ಟಿ ಇಟ್ಟುಕೊಂಡು ಕೂತಿದ್ದೆ. ಹೊರಗೆ ಅಡಿಕೆ ಬೇಯಿಸುವ ಹಂಡೆ ಕುದಿಯುತ್ತಿತ್ತು. ಪಟ್ಟಿಯಲ್ಲಿ ಬೆರಳು ಇಳಿಸುತ್ತಾ ಹೋದೆ. ಫೆಬ್ರವರಿ 1, 1811: ಸ್ಕಾಟ್ಲೆಂಡಿನ ಬೆಲ್ ರಾಕ್. ಫೆಬ್ರವರಿ 1, 1844: ಅದೇ ಸ್ಕಾಟ್ಲೆಂಡಿನ ಸ್ಕೆರಿವೋರ್. ಒಂದನ್ನು ಕಟ್ಟಿಸಿದವನು ರಾಬರ್ಟ್ ಸ್ಟೀವನ್‌ಸನ್, ಇನ್ನೊಂದನ್ನು ಅವನ ಮಗ ಅಲನ್. ಅಪ್ಪನ ದೀಪಕ್ಕೂ ಮಗನ ದೀಪಕ್ಕೂ ಒಂದೇ ತಾರೀಕು! ಮುಂದೆ ನೋಡಿದೆ. ನವೆಂಬರ್ 15, 1860: ಅಮೆರಿಕದ ಮೈನಟ್ಸ್ ಲೆಡ್ಜ್. ನವೆಂಬರ್ 15, 1872: ಕ್ಯಾಲಿಫೋರ್ನಿಯಾದ ಪಿಜನ್ ಪಾಯಿಂಟ್.

ಒಂದು ಹಡಗು, ಎರಡು ತಾರೀಕು, ನಾಲ್ಕು ದೀಪ. ಎದ್ದು ಹೋಗಿ ಹೆಂಡತಿಗೆ ಹೇಳಿದೆ. "ಹಂಡೆ ಉಕ್ಕಿತಾ ನೋಡಿದ್ರಾ?" ಅಂದಳು. ಉಕ್ಕಿತ್ತು.

ಈಗ ಕಷ್ಟದ ಭಾಗ. ಅಮೆರಿಕದ ನೌಕಾ ಕವರು ಮಾಡುವವರಿಗೆ ಒಂದು ಅನುಕೂಲ ಇದೆ. 1908ರಿಂದ ಅವರ ಹಡಗುಗಳಲ್ಲಿ ಅಂಚೆ ಗುಮಾಸ್ತರು. ಠಸ್ಸೆಯಲ್ಲಿ ಹಡಗಿನ ಹೆಸರು ದುಂಡಗೆ ಬೀಳುತ್ತದೆ. ಮೂವತ್ತರ ದಶಕದ ಕವರಾದರೆ ಪಕ್ಕದ ಗೆರೆಗಳ ನಡುವೆ ಹಡಗು ಅಂದು ನಿಂತಿದ್ದ ಊರಿನ ಹೆಸರೂ ಇರುತ್ತದೆ. ಓದಿದರೆ ಮುಗಿಯಿತು. ನಮಗೆ ಆ ಸೌಕರ್ಯ ಇಲ್ಲ. ನಮ್ಮ ನೌಕಾಪಡೆಯ ಟಪಾಲು ಫ್ಲೀಟ್ ಮೇಲ್ ಆಫೀಸಿನ ಮೂಲಕ ಹೋಗುತ್ತದೆ. ಅಲ್ಲಿಯ ಯಾರದೋ ಮನೆಯ ಖಾಸಗಿ ಕಾಗದಕ್ಕೆ ನಾನು ಕೈ ಹಾಕುವುದೂ ಇಲ್ಲ, ನೀವೂ ಹಾಕಬೇಡಿ. ಹಾಗಾದರೆ ದೆಹಲಿ ಸೇವೆಗೆ ಸೇರಿದ ದಿನವನ್ನು ಕಾಗದದ ಮೇಲೆ ಹಿಡಿಯುವುದು ಹೇಗೆ?

ಉತ್ತರ ಹೊಳೆದದ್ದು ಮಂಡಿಯಲ್ಲಿ, ಲಾಟಿನ ದರ ಆಗುವುದನ್ನು ಕಾಯುತ್ತಾ ಕೂತಾಗ. ಗೋಡೆಯ ಕೊಕ್ಕೆಗೆ ಹಳೆಯ ಕಾಗದ ಚುಚ್ಚಿ ನೇತು ಹಾಕಿದ್ದರು. ನಮ್ಮ ಕಡೆಯವರಿಗೆ ಗೊತ್ತು ಅದು, ಕೆಳಗೆ ಮರದ ಬಿಲ್ಲೆ, ಮೇಲೆ ಚೂಪು ತಂತಿ. ಬಂದ ಕಾಗದವನ್ನೆಲ್ಲ ಗುಮಾಸ್ತರು ಅದಕ್ಕೆ ಚುಚ್ಚುತ್ತಿದ್ದರು. ತುಂಬಿದ ಮೇಲೆ ಕಟ್ಟು ಕಟ್ಟಿ ಅಟ್ಟಕ್ಕೆ. ಎದುರಿಗೆ ನೇತಾಡುತ್ತಿದ್ದ ಕವರಿನ ಮೇಲೆ ಮುಂಬೈ ಠಸ್ಸೆ. ಸಾಗರ, ಶಿವಮೊಗ್ಗದ ಅಡಿಕೆ ಎಷ್ಟೋ ಕಾಲದಿಂದ ಮುಂಬೈಗೆ ಹೋಗುತ್ತಿದೆ. ಮಸ್ಜಿದ್ ಬಂದರ್ ಕಡೆಯ ವ್ಯಾಪಾರಿಗಳಿಂದ ಡಿಡಿ, ಬಿಲ್ಟಿ (ಸಾಗಣೆ ರಸೀದಿ), ತಕರಾರು ಎಲ್ಲವೂ ಅಂಚೆಯಲ್ಲೇ ಬರುತ್ತಿತ್ತು. ಮಸ್ಜಿದ್ ಬಂದರಿನಿಂದ ನೌಕಾಪಡೆಯ ಡಾಕ್‌ಯಾರ್ಡ್ ಎಷ್ಟು ದೂರ? ಎರಡು ಮೂರು ಕಿಲೋಮೀಟರ್. ಬ್ಯಾಂಡು ಬಾರಿಸಿ ದೆಹಲಿಯನ್ನು ಸೇವೆಗೆ ಸೇರಿಸಿಕೊಂಡ ದಿನ ಅಲ್ಲೇ ಹತ್ತಿರದಲ್ಲಿ ಯಾರೋ ಒಬ್ಬ ಅಡಿಕೆ ವ್ಯಾಪಾರಿ ಸಾಗರಕ್ಕೆ ಒಂದು ಕಾಗದ ಹಾಕಿರಲೇಬೇಕಲ್ಲ. 1997ರ ನವೆಂಬರ್ 15 ಶನಿವಾರ, ಅಂಚೆ ಕಚೇರಿ ತೆರೆದಿದ್ದ ದಿನ.

ಹಿರಿಯರು ನಕ್ಕರು. "ಅಡಿಕೆ ರದ್ದಿಯಲ್ಲಿ ಯುದ್ಧನೌಕೆ ಹುಡುಕ್ತಾನಂತೆ" ಅಂತ ನಮ್ಮ ಬಳಗದಲ್ಲೆಲ್ಲ ಹಬ್ಬಿತು.

2021ರ ಬೇಸಿಗೆಯಲ್ಲಿ ಶುರು ಮಾಡಿದೆ. ಇಂಥ ಕೆಲಸಕ್ಕೆ ಬೇಸಿಗೆಯೇ ಆಗಬೇಕು, ಕಾರಣ ಮುಂದೆ ಹೇಳುತ್ತೇನೆ. ಮೂರು ಮಂಡಿಗಳ ಅಟ್ಟ. ಒಟ್ಟು ಇಪ್ಪತ್ತೆರಡು ಗೋಣಿಚೀಲ ಇಳಿಸಿರಬೇಕು. ಗುಜರಿಯವನು ಕಿಲೋಗೆ ಹನ್ನೆರಡು ಕೊಡುತ್ತಿದ್ದ, ನಾನು ಇಪ್ಪತ್ತೈದು ಕೊಟ್ಟೆ. ಮೊದಲ ಮಂಡಿಯವರು "ಒಯ್ಯಿ ಮಾರಾಯ, ಅಟ್ಟ ಖಾಲಿಯಾದ್ರೆ ಸಾಕು" ಅಂದರು. ಎರಡನೆಯವರು ಇದರಲ್ಲಿ ಏನೋ ಇದೆ ಅಂತ ವಾಸನೆ ಹಿಡಿದು ನಲವತ್ತು ಹೇಳಿದರು. ಮೂರನೆಯ ಕಡೆ ನಾನು ಅಂಚೆಚೀಟಿಯ ಸುದ್ದಿಯನ್ನೇ ಎತ್ತಲಿಲ್ಲ. ಏನು ಹೇಳಿ ತಂದೆ ಅನ್ನುವುದು ಬೇಡ.

ಅಂಗಳದಲ್ಲಿ ಅಡಿಕೆ ಒಣಗಿಸುವ ಚಪ್ಪರದ ಕೆಳಗೆ ಸುರಿದು ಕೂತೆ. ಮೂಗಿಗೆ ಬಟ್ಟೆ ಕಟ್ಟದೆ ಕೂತರೆ ಎರಡೇ ದಿನಕ್ಕೆ ಕೆಮ್ಮು. ಜಿರಲೆ ಮೊಟ್ಟೆ, ಇಲಿ ಹಿಕ್ಕೆ, ಮೂವತ್ತು ವರ್ಷದ ಅಡಿಕೆ ಧೂಳು. ಮೊದಲು ಮುಂಬೈಯವು ಬೇರೆ, ಆಮೇಲೆ ವರ್ಷ, ಆಮೇಲೆ ತಿಂಗಳು. ತಾರೀಕನ್ನು ಮೊದಲೇ ಹುಡುಕಲು ಹೋದರೆ ಹುಚ್ಚು ಹಿಡಿಯುತ್ತದೆ. ಮೂವತ್ತು ಸಾವಿರ ಕವರಿನಲ್ಲಿ ಮುಂಬೈಯವು ನಾಲ್ಕು ಸಾವಿರದ ಆಸುಪಾಸು. 1997ರ ನವೆಂಬರಿನವು ಅರುವತ್ತು. ಹದಿನೈದನೇ ತಾರೀಕಿನವು ಮೂರು. ಮೂರರಲ್ಲಿ ಎರಡಕ್ಕೆ ಗುಮಾಸ್ತರ ತಂತಿ ಸರಿಯಾಗಿ ಠಸ್ಸೆಯ ಹೊಟ್ಟೆಗೇ ಹೋಗಿದೆ! ಹತ್ತರಲ್ಲಿ ಒಂಬತ್ತು ಕವರಿನ ಗತಿ ಇದೇ. ಅಂಚೆಚೀಟಿಯ ಗಾಂಧೀಜಿಯ ಕಣ್ಣಿಗೆ ತೂತು, ಇಲ್ಲ ತಾರೀಕಿಗೆ ತೂತು.

ಉಳಿದ ಒಂದು ರಿಜಿಸ್ಟರ್ ಕವರು. ತೂತು ಕೆಳಗೆ ಎಡಮೂಲೆಯಲ್ಲಿ. ಠಸ್ಸೆಯಲ್ಲಿ ಮುಂಬೈ, 15-11-97. ಹಿಂದೆ ಸಾಗರದ ಬಟವಾಡೆ ಠಸ್ಸೆ, ನಾಲ್ಕು ದಿನ ಆಮೇಲಿನದು. ಒಳಗೆ ಕಾಗದವೂ ಇತ್ತು. ಅರ್ಧ ಹಿಂದಿ ಅರ್ಧ ಗುಜರಾತಿ. ಓದಿಸಿದೆ. ಕಳಿಸಿದ ಸರಕಿನ ಬಣ್ಣ ಸರಿ ಇಲ್ಲ, ಎರಡು ಚೀಲದಲ್ಲಿ ಗೊರಬಲು (ಕಡಿಮೆ ದರ್ಜೆಯ ಅಡಿಕೆ) ಬೆರಕೆ ಇದೆ, ಹಣ ಕಡಿತ ಮಾಡಿ ಡಿಡಿ ಇಟ್ಟಿದ್ದೇನೆ ಅಂತ. ನಮ್ಮ ಊರಿನ ಯಾರೋ ಮಹಾನುಭಾವ ಬೆರಕೆ ಮಾಡಿದ್ದಕ್ಕೆ ನನಗೆ ಈ ಕವರು ಸಿಕ್ಕಿದ್ದು. ಸರಕು ಚೆನ್ನಾಗಿದ್ದರೆ ಅವನು ಫೋನಿನಲ್ಲೇ ಮುಗಿಸುತ್ತಿದ್ದನೇನೋ.

1991ರ ಫೆಬ್ರವರಿ 1ರದು ಎರಡು ಸಿಕ್ಕವು. ಠಸ್ಸೆಯಲ್ಲಿ ಊರಿನ ಹೆಸರು ಬಾಂಬೆ. ಹೆಸರು ಮುಂಬೈ ಆದದ್ದು 1995ರಲ್ಲಿ ತಾನೇ. ಹಡಗು ಬಾಂಬೆಯಲ್ಲಿ ನೀರಿಗಿಳಿದು ಮುಂಬೈಯಲ್ಲಿ ಸೇವೆಗೆ ಸೇರಿತು ಅನ್ನುವುದನ್ನು ಎರಡು ಹರಕು ಕವರು ಅಕ್ಕಪಕ್ಕ ಕೂತು ಹೇಳುತ್ತವೆ. ಆ ಹಾಳೆಯಲ್ಲಿ ನಾನು ಒಂದು ಸಾಲು ಕೂಡ ಹೆಚ್ಚು ಬರೆಯಲಿಲ್ಲ. ಜ್ಯೂರಿ ಅಲ್ಲೇ ನಿಂತದ್ದು.

ಮಬ್ಬಾದ ತಾರೀಕು ಓದುವುದರ ಬಗ್ಗೆ ಕೇಳುತ್ತೀರಿ. ಅರ್ಧ ಹೇಳುತ್ತೇನೆ. ಹಿಂದಿನ ಬಟವಾಡೆ ಠಸ್ಸೆ ನೋಡಿ ಹಿಂದಕ್ಕೆ ಎಣಿಸಿ. ಮುಂಬೈಯಿಂದ ನಮ್ಮಲ್ಲಿಗೆ ಆಗ ಮೂರರಿಂದ ಐದು ದಿನ. ಶಾಯಿ ತೀರಾ ತೇಲಿಹೋಗಿದ್ದರೆ ಮೊಬೈಲಿನಲ್ಲಿ ಒಂದು ಕ್ರಮ ಇದೆ, ಅದು ಸದ್ಯಕ್ಕೆ ನನ್ನೊಳಗೇ ಇರಲಿ. ಇನ್ನೂ ಎರಡು ಫ್ರೇಮು ಮಾಡುವುದಿದೆ.

ಮಳೆಯ ವಿಷಯಕ್ಕೆ ಬರುತ್ತೇನೆ. ಬಯಲುಸೀಮೆಯವರು ಇದನ್ನು ಬಿಟ್ಟು ಓದಬಹುದು. ಆರಿದ್ರೆ ಕಳೆದು ಪುನರ್ವಸು ಹಿಡಿಯಿತು ಅಂದರೆ ನಮ್ಮ ಮನೆಯಲ್ಲಿ ಚಪ್ಪಲಿಗೂ ಬೂಷ್ಟು, ಪುಸ್ತಕಕ್ಕೂ ಬೂಷ್ಟು. ಮಂಡಿಯಿಂದ ತಂದ ಕವರನ್ನು ಮೊದಲ ವರ್ಷ ಅಡಿಗೆಮನೆಯ ಅಟ್ಟದಲ್ಲಿ ಇಟ್ಟೆ, ಒಲೆಯ ಶಾಖ ಇರುತ್ತದಲ್ಲ ಅಂತ. ಬೂಷ್ಟು ಬರಲಿಲ್ಲ, ಹೊಗೆ ಬಂತು. ಅಂಚುಗಳೆಲ್ಲ ಬೀಡಿ ಬಣ್ಣ. ಎರಡನೇ ವರ್ಷ ಹುರಿದ ಅಕ್ಕಿಯ ಗಂಟು ಮಾಡಿ ಡಬ್ಬಿಯೊಳಗೆ ಇಟ್ಟೆ. ಹತ್ತು ದಿನ ಚೆನ್ನಾಗಿತ್ತು, ಆಮೇಲೆ ಅಕ್ಕಿಗೆ ಹುಳ, ಹುಳಕ್ಕೆ ಕಾಗದ ರುಚಿ. ಸಿಲಿಕಾ ಜೆಲ್ ನಮ್ಮ ಮಳೆಗೆ ಸಾಕಾಗುವುದಿಲ್ಲ. ವಾರಕ್ಕೊಮ್ಮೆ ಹುರಿದು ಹುರಿದು ಬಾಣಲೆ ಹಾಳಾಯಿತು, ಅದಕ್ಕೆ ಬೇರೆ ಬೈಗುಳ. ಕೊನೆಗೆ ನಿಂತದ್ದು ಹಳೆಯ ಉಪಾಯವೇ: ಕಬ್ಬಿಣದ ಬೀರು, ತಳದಲ್ಲಿ ನಲವತ್ತು ವ್ಯಾಟಿನ ಹಳದಿ ಬಲ್ಬು, ಮೇಲಿನ ಅರೆಯಲ್ಲಿ ಕವರು, ನಡುವೆ ಒಂದು ಅರೆ ಖಾಲಿ. ಎಲ್‌ಇಡಿ ಹಾಕಿದರೆ ಪ್ರಯೋಜನವಿಲ್ಲ, ಬೇಕಾದದ್ದು ಬೆಳಕಲ್ಲ. ಹಳದಿ ಬಲ್ಬು ಈಗ ಸಿಗುವುದು ಕಷ್ಟ, ಕಂಡಲ್ಲಿ ನಾಲ್ಕು ತಂದಿಡಿ. ಮೂರು ದಿನ ಕರೆಂಟು ಹೋದರೆ ದೇವರೇ ಗತಿ. ಆಶ್ಲೇಷ ಮಳೆಯಲ್ಲಿ ಒಮ್ಮೆ ಐದು ದಿನ ಹೋಗಿತ್ತು. ಅಮೆರಿಕದ ಕವರು ನಾಲ್ಕಕ್ಕೆ ಅಂಟು ಬಿಟ್ಟು ಬಾಯಿ ಮುಚ್ಚಿಕೊಂಡವು. ಬಿಡಿಸಲು ಹೋಗಿ ಎರಡನ್ನು ಹರಿದೆ.

ದೀಪದ ಕಡೆಯ ಕವರಿಗೆ ಬೇರೆ ದಾರಿ ಇರಲಿಲ್ಲ, ಅಲ್ಲಿಂದ ಹಾಕಿಸಿಯೇ ತರಿಸಬೇಕು. ಆದರೆ ಹಿರಿಯರ ಮಾತು ನೆನಪಿತ್ತಲ್ಲ. ಸರಿಯಾದ ದರದ ಚೀಟಿ, ಸರಿಯಾದ ವಿಳಾಸ, ಸಾಗರದವರೆಗೆ ನಿಜವಾದ ಪ್ರಯಾಣ ಅಂತ ಗಟ್ಟಿ ಮಾಡಿಕೊಂಡೆ. ಲಕೋಟೆಯೊಳಗೆ ಲಕೋಟೆ ಇಟ್ಟು ವಾಪಸ್ ತರಿಸಲಿಲ್ಲ.

ಪಿಜನ್ ಪಾಯಿಂಟ್‌ಗೆ ಹತ್ತಿರದ ಊರು ಪೆಸ್ಕಡೇರೋ. 2021ರಲ್ಲಿ ಅಲ್ಲಿಯ ಪೋಸ್ಟ್‌ಮಾಸ್ಟರಿಗೆ ವಿನಂತಿ ಬರೆದು, ಒಳಗೆ ಅಮೆರಿಕದ ಚೀಟಿ ಹಚ್ಚಿದ ಎರಡು ಕವರು ಇಟ್ಟು ಕಳಿಸಿದೆ. ಒಂದೊಂದಕ್ಕೆ ಒಂದೂವರೆ ಡಾಲರಿನ ಹತ್ತಿರದ ಚೀಟಿ. ಎರಡೂ ಮಾಯ. 2022ರಲ್ಲಿ ಬಂತು, ತಾರೀಕು ನವೆಂಬರ್ 18. ಮೂರು ದಿನ ತಡ. ನನ್ನ ಇಡೀ ಫ್ರೇಮು ನಿಂತಿರುವುದೇ ತಾರೀಕಿನ ಮೇಲೆ, ಮೂರು ದಿನ ತಡ ಅಂದರೆ ಮದುವೆ ಮುಗಿದ ಮೇಲೆ ಬಂದ ಬ್ಯಾಂಡು. 2023ರಲ್ಲಿ ವಿನಂತಿಯನ್ನು ಬೇರೆ ರೀತಿ ಬರೆದೆ. ಏನು ಬರೆದೆ ಅನ್ನುವುದು ನನ್ನ ಎರಡನೇ ಗುಟ್ಟು. ಕೈಯಿಂದ ಒತ್ತಿದ ದುಂಡು ಠಸ್ಸೆ, ಕಪ್ಪು ಶಾಯಿ, ತಾರೀಕು ಹದಿನೈದು, ಓದಲು ಭೂತಗನ್ನಡಿ ಬೇಡ. ಪಾರಿವಾಳದ ಹೆಸರಿನ ಜಾಗದಿಂದ ಟಪಾಲು ಬಂತಲ್ಲ ಅಂತ ಖುಷಿಪಟ್ಟೆ. ಆಮೇಲೆ ಗೊತ್ತಾಯಿತು, ಹೆಸರು ಬಂದದ್ದು ಹಕ್ಕಿಯಿಂದಲ್ಲ, 1853ರಲ್ಲಿ ಅಲ್ಲಿ ಒಡೆದ ಕ್ಯಾರಿಯರ್ ಪಿಜನ್ ಅನ್ನುವ ಹಡಗಿನಿಂದ.

ಮೈನಟ್ಸ್ ಲೆಡ್ಜ್‌ನದು ಮೊದಲ ಸಲಕ್ಕೇ ಸರಿಯಾಗಿ ಬಂತು, ಮ್ಯಾಸಚೂಸೆಟ್ಸ್‌ನ ಕೊಹ್ಯಾಸೆಟ್ ಅಂಚೆಯಿಂದ. ಈ ದೀಪದ ಬಗ್ಗೆ ಒಂದೆರಡು ಮಾತು ಜಾಸ್ತಿ ಬರೆಯಲೇಬೇಕು. ಅಲ್ಲಿ ಮೊದಲು ಕಬ್ಬಿಣದ ಕಾಲುಗಳ ಮೇಲೆ ನಿಂತ ಗೋಪುರ ಇತ್ತು. 1851ರ ಏಪ್ರಿಲ್ ಬಿರುಗಾಳಿಗೆ ಅದು ಸಮುದ್ರ ಪಾಲಾಯಿತು, ಒಳಗಿದ್ದ ಇಬ್ಬರು ಸಹಾಯಕರೂ ಹೋದರು. ಎರಡನೆಯದನ್ನು ಕಲ್ಲಿನಲ್ಲಿ, ಒಂದಕ್ಕೊಂದು ಕಚ್ಚಿಕೊಳ್ಳುವ ಹಾಗೆ ಕಡಿದು ಕಟ್ಟಿದರು. 1860ರ ಆಗಸ್ಟಿನಲ್ಲಿ ಒಮ್ಮೆ ಪರೀಕ್ಷೆಗೆ ಬೆಳಗಿಸಿದ್ದುಂಟು. ಕಾಯಂ ಬೆಳಗಿದ್ದು ನವೆಂಬರ್ 15ಕ್ಕೆ. ಜ್ಯೂರಿ ಕೇಳಿದ್ದು ಇದನ್ನೇ, ಮೊದಲೇ ಹಾಳೆಯಲ್ಲಿ ಬರೆದಿಟ್ಟಿದ್ದೆ. ಅದರ ಮಿನುಗು ಒಂದು, ನಾಲ್ಕು, ಮೂರು. ಐ ಲವ್ ಯು ಅಕ್ಷರದ ಲೆಕ್ಕ ಅಂತ ಅಲ್ಲಿಯವರು ಅದನ್ನು ಪ್ರೇಮಿಗಳ ದೀಪ ಮಾಡಿದ್ದಾರೆ. ಟಾರ್ಚು ಹಿಡಿದು ಹೆಂಡತಿಗೆ ತೋರಿಸಿದೆ, ಒಂದು, ನಾಲ್ಕು, ಮೂರು. "ಬ್ಯಾಟರಿ ಯಾಕೆ ಖರ್ಚು ಮಾಡ್ತೀರಿ, ನಾಳೆ ಅಡಿಕೆ ಕೊಯ್ಯೋದಕ್ಕೆ ಕೊನೆಗೌಡ ಬರ್ತಾನೆ, ಬೇಗ ಮಲಗಿ" ಅಂದಳು.

ಬೆಲ್ ರಾಕ್ ಇರುವುದು ಆರ್‌ಬ್ರೋತ್ ಊರಿನಿಂದ ಹದಿನೆಂಟು ಕಿಲೋಮೀಟರ್ ಸಮುದ್ರದೊಳಗೆ. ಉಬ್ಬರದಲ್ಲಿ ಬಂಡೆಯೇ ಕಾಣದ ಜಾಗದಲ್ಲಿ ಮೂವತ್ತೈದು ಮೀಟರಿನ ಗೋಪುರ. 1998ರಲ್ಲಿ ಬ್ರಿಟನ್ನಿನವರು ಐದು ದೀಪಸ್ತಂಭದ ಚೀಟಿ ಬಿಟ್ಟಿದ್ದರಲ್ಲ, ಅದರಲ್ಲಿ 43 ಪೆನ್ನಿಯದೇ ಬೆಲ್ ರಾಕ್. ಅಲ್ಲಿ ಈಗ ಬಾರ್‌ಕೋಡ್ ಇಲ್ಲದ ಮಾಮೂಲು ಚೀಟಿ ನಡೆಯುವುದಿಲ್ಲ, ಆದರೆ ಇಂಥ ವಿಶೇಷ ಚೀಟಿ ಇನ್ನೂ ನಡೆಯುತ್ತದೆ. ಅಕ್ಕನ ಮಗ ಡಂಡಿಯಲ್ಲಿ ಓದುತ್ತಿದ್ದ, ರೈಲು ಹತ್ತಿದರೆ ಅರ್ಧ ಗಂಟೆಯೊಳಗೆ ಆರ್‌ಬ್ರೋತ್. "ಮಾವ, ಚಳಿಗೆ ಕಿವಿ ಬಿದ್ದುಹೋಗ್ತದೆ, ಇದು ಏಪ್ರಿಲಿನಲ್ಲಿ ಆಗೋದಿಲ್ವಾ?" ಅಂದ. ಆಗುವುದಿಲ್ಲ ಅಂದೆ. 2024ರ ಫೆಬ್ರವರಿ 1, ಗುರುವಾರ. ಆಗ ಭಾರತಕ್ಕೆ ಕಾಗದದ ದರ 2 ಪೌಂಡ್ 20. ಐದು ಬೆಲ್ ರಾಕ್ ಹಚ್ಚಿದರೆ 2 ಪೌಂಡ್ 15, ಮೇಲೆ ಐದು ಪೆನ್ನಿಯದೊಂದು. ಲೆಕ್ಕ ಇಷ್ಟು ಚೊಕ್ಕವಾಗಿ ಕೂತ ಕವರು ನನ್ನ ಜೀವಮಾನದಲ್ಲಿ ಇನ್ನೊಂದಿಲ್ಲ. ಕೌಂಟರಿನಲ್ಲೇ ಠಸ್ಸೆ ಹಾಕಿಸು, ಡಬ್ಬಿಗೆ ಹಾಕಬೇಡ ಅಂತ ಮೂರು ಸಲ ಫೋನು ಮಾಡಿದ್ದೆ. ಅವನಿಗೆ ಒಂದು ಕಿಲೋ ಅಪ್ಪೆಮಿಡಿ ಉಪ್ಪಿನಕಾಯಿ ಸಾಲ ಇದೆ.

ಸ್ಕೆರಿವೋರ್ ಸೋತಿತು. ಹತ್ತಿರದ ದ್ವೀಪ ಟೈರೀಗೆ ಬರೆದ ಕಾಗದಕ್ಕೆ ಇವತ್ತಿನವರೆಗೂ ಉತ್ತರವಿಲ್ಲ. ಅಪ್ಪನ ದೀಪದ ಹಾಳೆಯಲ್ಲೇ ಮಗನನ್ನೂ ಒಂದು ಪ್ಯಾರಾದಲ್ಲಿ ಕೂರಿಸಿದೆ. ಅಂಕ ಕಡಿಮೆಯಾದದ್ದು ಅಲ್ಲೊಂದು ಕಡೆ ಅಂತ ನನ್ನ ಅಂದಾಜು.

ನಡುವೆ ಒಂದು ಅಡ್ಡದಾರಿ ಹಿಡಿದಿದ್ದೆ, ಅದನ್ನು ಹೇಳದೆ ಇರಲಾರೆ. ದೀಪಸ್ತಂಭ ಮತ್ತು ಡೆಸ್ಟ್ರಾಯರ್ ನಿಜವಾಗಿ ಎದುರುಬದುರಾದ ತಾರೀಕು ಒಂದಿದೆ: 1923ರ ಸೆಪ್ಟೆಂಬರ್ 8. ಅಮೆರಿಕದ ಹದಿನಾಲ್ಕು ಡೆಸ್ಟ್ರಾಯರುಗಳು ಸಾಲಾಗಿ ಕ್ಯಾಲಿಫೋರ್ನಿಯಾ ಕರಾವಳಿಯಲ್ಲಿ ದಕ್ಷಿಣಕ್ಕೆ ಹೋಗುತ್ತಿದ್ದವು, ಇಪ್ಪತ್ತು ನಾಟ್ ವೇಗ, ಮುಂದೆ ಡೆಲ್ಫಿ. ದಟ್ಟ ಮಂಜು. ಪಾಯಿಂಟ್ ಆರ್ಗ್ವೆಲೋ ದೀಪ ಕಣ್ಣಿಗೆ ಬೀಳಲಿಲ್ಲ. ಅಲ್ಲಿಯ ರೇಡಿಯೋ ಕೇಂದ್ರ ನೀವಿನ್ನೂ ಉತ್ತರದಲ್ಲೇ ಇದ್ದೀರಿ ಅಂತ ಹೇಳಿತ್ತು. ರೇಡಿಯೋ ಆಗ ಹೊಸದು, ನಂಬಲಿಲ್ಲ. ತಮ್ಮ ಲೆಕ್ಕವನ್ನೇ ನಂಬಿ ರಾತ್ರಿ ಒಂಬತ್ತಕ್ಕೆ ಪೂರ್ವಕ್ಕೆ ತಿರುಗಿದರು, ಐದು ನಿಮಿಷಕ್ಕೆ ಹೊಂಡಾ ಪಾಯಿಂಟಿನ ಬಂಡೆ. ಹಿಂದಿನವು ಮುಂದಿನದರ ಬೆನ್ನು ಹಿಡಿದು ಬಂದವು. ಏಳು ಹಡಗು ಒಂದೇ ರಾತ್ರಿಗೆ ಹೋದವು, 23 ಜನ ಸತ್ತರು, ಅದರಲ್ಲಿ 20 ಜನ ಯಂಗ್ ಅನ್ನುವ ಒಂದೇ ಹಡಗಿನವರು. ಒಂದು ವಾರ ಹಿಂದೆ ಜಪಾನಿನಲ್ಲಿ ಆದ ಭೂಕಂಪದಿಂದ ನೀರಿನ ಸೆಳೆತ ಬದಲಾಗಿತ್ತು ಅನ್ನುವ ವಾದವೂ ಇದೆ.

ಇದಕ್ಕೊಂದು ಫ್ರೇಮು ಮಾಡೋಣ ಅಂತ ಹೊರಟೆ. ಹದಿನಾಲ್ಕು ಸಾವಿರದವರೆಗೆ ಖರ್ಚಾಯಿತು, ಕೈಗೆ ಬಂದದ್ದು ಎರಡು ಪೋಸ್ಟ್‌ಕಾರ್ಡು. ಕಾರಣ ಆಮೇಲೆ ಹೊಳೆಯಿತು. ಅಮೆರಿಕದಲ್ಲಿ ನೌಕಾ ಕವರಿನ ಹುಚ್ಚು ಹತ್ತಿದ್ದೇ ಮೂವತ್ತರ ದಶಕದಲ್ಲಿ, ಅವರ ಸಂಘ ಹುಟ್ಟಿದ್ದು 1932ರಲ್ಲಿ. ಅಷ್ಟರಲ್ಲಿ ಬಂಡೆಗೆ ಬಡಿದ ಏಳೂ ಇಲ್ಲ, ಬಚಾವಾದವನ್ನೂ 1930ರ ಹೊತ್ತಿಗೆ ಸೇವೆಯಿಂದ ತೆಗೆದಿದ್ದರು. ಸಂಗ್ರಹಿಸುವವರೇ ಇಲ್ಲದ ಕಾಲದ ಹಡಗಿಗೆ ಕವರು ಎಲ್ಲಿಂದ ಬರಬೇಕು? ಹಡಗು ಆರಿಸುವ ಮೊದಲು ಆ ಹಡಗಿನ ಕಾಲದಲ್ಲಿ ಕಾಗದ ಎತ್ತಿಡುವವರು ಇದ್ದರೇ ಅಂತ ನೋಡಿ. ಸಂಗ್ರಾಹಕರು ಇಲ್ಲದಿದ್ದರೂ ನಡೆದೀತು, ಮಂಡಿಯ ಗುಮಾಸ್ತರಾದರೂ ಇರಬೇಕು.

ಪ್ರದರ್ಶನದ ದಿನ ಫ್ರೇಮಿನ ಮುಂದೆ ನಿಂತವರಲ್ಲಿ ಅರ್ಧ ಜನ ನನಗೆ ಅದೇ ವಾಟ್ಸಾಪ್ ಜೋಕು ಹೇಳಿದರು. ಯುದ್ಧನೌಕೆ ದಾರಿ ಬಿಡು ಅನ್ನುತ್ತದಂತೆ, ಎದುರಿನವರು ನಾವು ಲೈಟ್‌ಹೌಸು ನಿಮ್ಮಿಷ್ಟ ಅನ್ನುತ್ತಾರಂತೆ. ಅದು ಕಟ್ಟುಕತೆ, ಅಮೆರಿಕದ ನೌಕಾಪಡೆಯೇ ಅಲ್ಲಗಳೆದಿದೆ. ಆದರೂ ಹನ್ನೊಂದನೇ ಸಲಕ್ಕೂ ನಕ್ಕೆ. ಜ್ಯೂರಿಯಲ್ಲೊಬ್ಬರು ಪೆಸ್ಕಡೇರೋ ಕವರನ್ನು ಮೇಲಿಂದ ಮೇಲೆ ನೋಡಿ ಮುಂದೆ ಹೋದರು. ಅಡಿಕೆ ಕವರಿನ ಎದುರು ಮಾತ್ರ ಭೂತಗನ್ನಡಿ ತೆಗೆದರು. "ಈ ತೂತು ಯಾವುದು?" ಅಂದರು. ಹೇಳಿದೆ. ಪಕ್ಕದವರನ್ನೂ ಕರೆದು ತೋರಿಸಿದರು. ಮೂರು ಸಮುದ್ರದಾಚೆಯಿಂದ ತರಿಸಿದ್ದಕ್ಕೆ ಸಿಗದ ಅಂಕ ಗುಮಾಸ್ತರ ತಂತಿಗೆ ಸಿಕ್ಕಿತು. ಹಿರಿಯರೂ ಬಂದಿದ್ದರು. ಮೆಚ್ಚಿದೆ ಅಂತ ಹೇಳಲಿಲ್ಲ, ಆ ಜಾತಿಯವರಲ್ಲ ಅವರು. "ಆ ಮೂರನೇ ಮಂಡಿ ಯಾವುದು?" ಅಂತ ಮೆಲ್ಲಗೆ ಕೇಳಿದರು.

ಒಟ್ಟು ಖರ್ಚು ಆರು ವರ್ಷದಲ್ಲಿ ಅರುವತ್ತೆರಡು ಸಾವಿರ ಆಗಿರಬೇಕು. ಹೊಂಡಾದ ಹದಿನಾಲ್ಕು, ಕ್ರೂಸರಿನ ಒಂಬತ್ತು ಅದರಲ್ಲೇ. ಫ್ರೇಮಿನಲ್ಲಿ ನಿಂತ ಎಲ್ಲಕ್ಕಿಂತ ಒಳ್ಳೆಯ ಕವರಿಗೆ ಬಿದ್ದದ್ದು, ಕಿಲೋ ಲೆಕ್ಕದಲ್ಲಿ, ನಾಲ್ಕಾಣೆಯೂ ಅಲ್ಲ. ರಿಜಿಸ್ಟರ್ ಟಪಾಲು 2025ರಲ್ಲಿ ಸ್ಪೀಡ್ ಪೋಸ್ಟಿನಲ್ಲಿ ಸೇರಿಹೋಯಿತು. ಹಾಗಾಗಿ ಅಟ್ಟದ ಮೇಲಿನ ರಿಜಿಸ್ಟರ್ ಕವರಿಗೆ ಇನ್ನು ಗುಜರಿ ದರ ಇರುವುದಿಲ್ಲ. ಬೇಗ ಹತ್ತಿ ಇಳಿಸಿಕೊಳ್ಳಿ.

ಮೈಸೂರು ಬಿಟ್ಟಿಲ್ಲ. 2-6-99ರ ಮುಂಬೈ ಕವರು ಒಂದು ಅದೇ ಚೀಲದಲ್ಲಿ ಸಿಕ್ಕಿ ಬೀರುವಿನಲ್ಲಿ ಕೂತಿದೆ, ತೂತಿಲ್ಲದ್ದು. ಯಾರಲ್ಲಾದರೂ ಜೂನ್ 2ಕ್ಕೆ ಬೆಳಗಿದ ದೀಪಸ್ತಂಭ ಇದ್ದರೆ ಹೇಳಿ. ಬದಲಿಗೆ 1991ರ ಫೆಬ್ರವರಿ 1ರ ಬಾಂಬೆ ಠಸ್ಸೆಯ ಎರಡನೇ ಕವರು ಕೊಡುತ್ತೇನೆ. ಮೂಲೆ ಸ್ವಲ್ಪ ಇಲಿ ಕಡಿದಿದೆ, ತಾರೀಕು ಪೂರ್ತಿ ಇದೆ.